ತೊಗಲಿನ ಕಂಪೂ ಹೊಗೆಸೊಪ್ಪಿನ ಕಂಪೂ

ಮಲ್ಲಿಗೆ, ಕೇದಗೆ, ಶ್ರೀಗಂಧಗಳಿಗೆ ಹೆಸರಾದ ನಮ್ಮ ನಾಡಿನಲ್ಲಿ ಈಗ ಕಾಲೇಜಿನ ತರುಣರು ತೊಗಲು ಮತ್ತು ಹೊಗೆಸೊಪ್ಪಿನ ವಾಸನೆಯುಳ್ಳ ಸುಗಂಧದ್ರವ್ಯವನ್ನು ಅಕ್ಕರೆಯಿಂದ ಪೂಸಿಕೊಳ್ಳುತ್ತಿದ್ದಾರೆ. ಒಣಹುಲ್ಲು, ಜೇನು, ಒಲೆಯ ಹೊಗೆ, ಹಳೆಯ ಗ್ರಂಥದ ತೊಗಲುರಟ್ಟು ಇವೆಲ್ಲವೂ ಬೆರೆತಂತೆ ತೋರುವ, ತುಸು ಕಹಿಯೂ ತುಸು ಸಿಹಿಯೂ ಆದ ಗಂಭೀರವಾದ ವಾಸನೆ ಅದು. ಬಟ್ಟೆಯಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ಇದಕ್ಕೆ ಮನಸೋಲುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಇದರ ಮೂಲವನ್ನು ವಿಚಾರಿಸಿದವನಿಗೆ ರಸಾಯನಶಾಸ್ತ್ರದ ಜೊತೆಗೆ ನಮ್ಮ ಸಮಾಜದ ಒಂದು ಮುಖವೂ ಕಾಣದಿರದು.

ಹಸಿಯ ತೊಗಲಿಗೆ ಸುವಾಸನೆಯೆಂಬುದಿಲ್ಲ. ಸೂಕ್ಷ್ಮಜೀವಿಗಳು ಅದರ ಪ್ರೋಟೀನನ್ನು ಒಡೆಯತೊಡಗಿದೊಡನೆ ಕೊಳೆತ ನಾತ ಹುಟ್ಟುತ್ತದೆ. ಅರಸೀಕೆರೆಯಿಂದ ಮಾಲೇಕಲ್ಲು ತಿರುಪತಿಯ ಬೆಟ್ಟದ ಕಡೆಗೆ ಹೋದವರು ಆ ಬಯಲುಸೀಮೆಯಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡವನ್ನು ನೋಡಿರಬಹುದು. ಕೆಲವರು ಅದನ್ನು ಆವರಿಕೆಯೆನ್ನುತ್ತಾರೆ. ಅದರ ತೊಗಟೆಯಲ್ಲಿ ಟ್ಯಾನಿನ್ ಎಂಬ ಒಗರು ದ್ರವ್ಯವಿದೆ. ದಕ್ಷಿಣ ಭಾರತದಲ್ಲಿ ತೊಗಲನ್ನು ಹದಮಾಡುವವರು ಬಹುಕಾಲ ಈ ತೊಗಟೆಯನ್ನು ನೆಚ್ಚಿಕೊಂಡಿದ್ದರು. ಟ್ಯಾನಿನ್ ತೊಗಲಿನ ಕೊಲಾಜೆನ್ ಎಳೆಗಳನ್ನು ಒಂದಕ್ಕೊಂದು ಬಿಗಿದು, ಸೂಕ್ಷ್ಮಜೀವಿಗಳಿಗೆ ಸುಲಭವಾಗಿ ದಕ್ಕದಂತೆ ಮಾಡುತ್ತದೆ. ಹೀಗೆ ಹದಗೊಂಡ ಹೊಸ ಚಪ್ಪಲಿಯಲ್ಲಿ ನಾವು ಮೆಚ್ಚುವ ವಾಸನೆ ಬಹುಮಟ್ಟಿಗೆ ತೊಗಟೆಯದು, ಆಮೇಲೆ ಸವರಿದ ಎಣ್ಣೆಯದು.

ಸೀಸೆಯೊಳಗಿನ ತೊಗಲಂತೂ ತೊಗಲಿನಿಂದ ಇನ್ನೂ ದೂರ. ರಷ್ಯಾದಲ್ಲಿ ತೊಗಲಿಗೆ ಭೂರ್ಜ ಮರದ ತೊಗಟೆಯಿಂದ ಇಳಿಸಿದ ಎಣ್ಣೆಯನ್ನು ಸವರುತ್ತಿದ್ದರು. ಹೊಗೆಯ ಛಾಯೆಯುಳ್ಳ ಆ ವಾಸನೆಯೇ ಯೂರೋಪಿನಲ್ಲಿ ತೊಗಲಿನ ವಾಸನೆಯೆಂದು ಪ್ರಸಿದ್ಧವಾಯಿತು. ಐಸೊಬ್ಯುಟೈಲ್ ಕ್ವಿನೊಲಿನ್ ಎಂಬ ಕೃತಕ ದ್ರವ್ಯವನ್ನೂ ಇದಕ್ಕಾಗಿ ಬಳಸುವುದುಂಟು. ಮಲೇರಿಯಕ್ಕೆ ಕೊಡುವ ಕ್ವಿನೀನಿನ ಅಣುವಿನಲ್ಲಿಯೂ ಇದೇ ಕ್ವಿನೊಲಿನ್ ಉಂಗುರಗಳಿವೆಯೆಂಬುದು ವಿನೋದದ ಸಂಗತಿ.

ಹೊಗೆಸೊಪ್ಪನ್ನು ನೋಡಲು ಹಾಸನ ಜಿಲ್ಲೆಯಿಂದ ಹೊರಗೆ ಹೋಗಬೇಕಾಗಿಲ್ಲ. ಅರಕಲಗೂಡು ತಾಲ್ಲೂಕಿನ ರೈತರು ಸಿಗರೇಟಿಗೆ ಒದಗುವ ಸೊಪ್ಪನ್ನು ಬೆಳೆದು ರಾಮನಾಥಪುರದ ಹರಾಜು ಮಾರುಕಟ್ಟೆಗೆ ತರುತ್ತಾರೆ. ಹಸಿರೆಲೆಗೆ ಈ ಪರಿಮಳವಿಲ್ಲ. ಬ್ಯಾರನ್ನಿನಲ್ಲಿ ಕಟ್ಟಿ ಸುಮಾರು ಒಂದು ವಾರ ಬಿಸಿಗಾಳಿಗೆ ಒಡ್ಡಿದಾಗ ಎಲೆಯ ಪಿಷ್ಟ ಸಕ್ಕರೆಯಾಗುತ್ತದೆ. ಹಳದಿ ಬಣ್ಣದ ಕೆರೊಟಿನ್ ವರ್ಗದ ದ್ರವ್ಯಗಳು ಮೆಲ್ಲಮೆಲ್ಲನೆ ಒಡೆದು ಕಂಪುಳ್ಳ ಚಿಕ್ಕ ಅಣುಗಳಾಗುತ್ತವೆ. ಅವುಗಳಲ್ಲೊಂದಾದ ಡಮಾಸ್ಕೆನೋನ್ ಗುಲಾಬಿಯ ಎಣ್ಣೆಯಲ್ಲಿಯೂ ಉಂಟು. ಸುಗಂಧ ತಯಾರಕರು ಈ ಕಂಪನ್ನು ಅನುಕರಿಸಲು ಒಣಹುಲ್ಲಿನ ವಾಸನೆಯ ಕೂಮರಿನ್ ಮೊದಲಾದವನ್ನು ಬೆರೆಸುತ್ತಾರೆ. ಕೂಮರಿನ್ನನ್ನು 1868ರಲ್ಲಿಯೇ ಪರ್ಕಿನ್ ಪ್ರಯೋಗಶಾಲೆಯಲ್ಲಿ ತಯಾರಿಸಿದ್ದನು. ವ್ಯಸನಕ್ಕೆ ಕಾರಣವಾದ ನಿಕೋಟಿನ್ ಬೇರೆ, ಮೂಗನ್ನು ಸೆಳೆಯುವ ಈ ದ್ರವ್ಯಗಳು ಬೇರೆ. ಇವೆರಡನ್ನೂ ಒಂದೇ ಎಂದು ಭ್ರಮೆಗೊಳಿಸುವುದರಲ್ಲಿದೆ ಸಿಗರೇಟು ಮಾರುವವನ ಜಾಣತನ. 1919ರಲ್ಲಿ ಪ್ಯಾರಿಸ್ಸಿನ ಕ್ಯಾರನ್ ಸಂಸ್ಥೆ ಹೊಗೆಸೊಪ್ಪಿನ ಹೆಸರನ್ನಿಟ್ಟೇ ಒಂದು ಪರಿಮಳವನ್ನು ಹೊರತಂದಾಗ, ಹೆಂಗಸರು ಸಿಗರೇಟು ಸೇದುವುದು ಅಲ್ಲಿ ಹೊಸ ಷೋಕಿಯಾಗಿತ್ತು.

ಮೂಗಿನ ಗ್ರಾಹಕಗಳು ಅಣುವನ್ನು ಗುರುತಿಸುವ ಬಗೆಯನ್ನು ಬಕ್ ಮತ್ತು ಆಕ್ಸೆಲ್ 1991ರಲ್ಲಿ ತೋರಿಸಿಕೊಟ್ಟು 2004ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಆದರೆ ಆ ವಾಸನೆಯನ್ನು ಮೆಚ್ಚಬೇಕೋ ಹೇಸಬೇಕೋ ಎಂಬುದನ್ನು ಬಹುಮಟ್ಟಿಗೆ ಬದುಕೇ ಕಲಿಸುತ್ತದೆ. ನಮ್ಮ ಬದುಕು ಕಲಿಸಿದ್ದೇನು? ಈ ವಾಸನೆಯನ್ನೂ ನೆಪಮಾಡಿಕೊಂಡು ತೊಗಲಿನ ಕೆಲಸದವರನ್ನು ಊರ ಹೊರಗಿರಿಸಿದೆವು. ಕೊಳೆಯುವ ವಸ್ತುವನ್ನು ಕೊಳೆಯದಂತೆ ಮಾಡಿದ ಜಾಣರೇ ಅಶುದ್ಧರೆನಿಸಿಕೊಂಡರು! ಹನ್ನೆರಡನೆಯ ಶತಮಾನದ ಶರಣರು ಮಾದಾರ ಚೆನ್ನಯ್ಯ, ಹರಳಯ್ಯರನ್ನು ಗೌರವಿಸಿದರೂ ಊರಿನ ಮೂಗು ಬದಲಾಗಲಿಲ್ಲ. ಇಂದು ಅದೇ ಬಗೆಯ ವಾಸನೆ ಪರದೇಶದ ಹೆಸರು ಹೊತ್ತು ಬಂದರೆ ಸಿರಿವಂತಿಕೆಯ ಗುರುತಾಗುತ್ತದೆ. ಸೀಸೆಗೆ ಸಾವಿರಾರು ರೂಪಾಯಿ ತೆತ್ತವನು ಚಮ್ಮಾರನ ಮನೆಯ ಮುಂದೆ ಮೂಗು ಮುಚ್ಚಿಕೊಂಡರೆ ಅದನ್ನು ಅಭಿರುಚಿಯೆಂದು ನಾನು ಒಪ್ಪಲಾರೆ. ಅದು ರೂಢಿಯಾದ ತಿರಸ್ಕಾರ. ಹೊಗೆಸೊಪ್ಪಿನ ಹೊಲದಲ್ಲಿಯೂ ಕಂಪಿನ ಸುಖ ಕಡಿಮೆ. ಒದ್ದೆ ಎಲೆಗಳನ್ನು ಕೀಳುವವರ ಚರ್ಮದ ಮೂಲಕ ನಿಕೋಟಿನ್ ಒಳಸೇರಿ ವಾಕರಿಕೆ, ತಲೆಸುತ್ತು ಬರುತ್ತವೆ. ಬ್ಯಾರನ್ನಿನ ಒಲೆಗೆ ರಾಶಿ ರಾಶಿ ಸೌದೆ ಬೇಕು.

ಹಾಗಾದರೆ ವಿದ್ಯಾರ್ಥಿಗಳು ಈ ಪರಿಮಳವನ್ನು ಬಿಡಬೇಕೇ ಎಂದು ಕೆಲವರು ಕೇಳಬಹುದು. ಬಿಡಬೇಕಾಗಿಲ್ಲ, ಅದು ಎಲ್ಲಿಂದ ಬಂತೆಂದು ತಿಳಿದು ಪೂಸಿಕೊಳ್ಳಲಿ. ತಂಗಡಿಯ ತೊಗಟೆ ಒಂದು ಹಿಡಿ ಸಿಕ್ಕಿದರೆ ಕಾಲೇಜಿನ ಪ್ರಯೋಗಶಾಲೆಯಲ್ಲಿ ನೀರಿಗೆ ಹಾಕಿ ಕುದಿಸಿ, ಸೋಸಿ, ಆರಿದ ಮೇಲೆ ಅದಕ್ಕೆ ಜೆಲಟಿನ್ ದ್ರಾವಣವನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಬಹುದು. ಕೂಡಲೇ ಗಸಿ ಕಟ್ಟುತ್ತದೆ. ಜೆಲಟಿನ್ ಕೊಲಾಜೆನ್ನಿನಿಂದಲೇ ಬಂದದ್ದಾದುದರಿಂದ, ತೊಗಲು ಹದಮಾಡುವ ತೊಟ್ಟಿಯಲ್ಲಿ ನಡೆಯುವ ಕ್ರಿಯೆಯೇ ಇಲ್ಲಿ ಗಾಜಿನ ಕೊಳವೆಯಲ್ಲಿ ಕಾಣುತ್ತದೆ. ಸೋಸಿದ ಕಷಾಯವನ್ನು ಚೆಲ್ಲುವ ಮುನ್ನ ಒಮ್ಮೆ ಮೂಸಿಯೂ ನೋಡಲಿ.