ಯಂತ್ರ ಓದಬೇಕಾದರೆ ಮೊದಲು ನಾವು ಓದಿಕೊಡಬೇಕು

ಮುಂಬಯಿಯ ನಮ್ಮ ಹಳೆಯ ಸಂಘ ಸಂಸ್ಥೆಗಳ ಕಪಾಟುಗಳಲ್ಲಿ ನಡಾವಳಿ ಪುಸ್ತಕಗಳು, ಸದಸ್ಯರ ರಿಜಿಸ್ಟರುಗಳು, ರಾತ್ರಿ ಶಾಲೆಗಳ ಹಾಜರಿ ಪುಸ್ತಕಗಳು ಕಟ್ಟುಕಟ್ಟಾಗಿ ಬಿದ್ದಿವೆ. ಸುವರ್ಣ ಮಹೋತ್ಸವವೋ ಅಮೃತ ಮಹೋತ್ಸವವೋ ಬಂದಾಗ ಮಾತ್ರ ಸ್ಮರಣ ಸಂಚಿಕೆಗಾಗಿ ಅವುಗಳ ಧೂಳು ಕೊಡವುತ್ತೇವೆ. ಈಗ ಸಭೆಗಳಲ್ಲಿ ಹೊಸದೊಂದು ಮಾತು ಕೇಳಿಬರುತ್ತಿದೆ: ಸ್ಕ್ಯಾನ್ ಮಾಡಿಟ್ಟರೆ ಸಾಕು, ಓದುವ ಕೆಲಸವನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಇದು ಅರ್ಧ ಮಾತ್ರ ನಿಜ.

ಬ್ಯಾಂಕಿನಲ್ಲಿ ದುಡಿಯುವವರಿಗೆ ಇದು ಬೇಗ ಅರ್ಥವಾಗುತ್ತದೆ. ಚೆಕ್ಕಿನ ಕೆಳಗಿನ ಅಂಕಿಗಳನ್ನು ಯಂತ್ರ ಸಲೀಸಾಗಿ ಓದುವುದು ಅವು ಕಾಂತೀಯ ಶಾಯಿಯಲ್ಲಿ, ಒಂದೇ ಅಚ್ಚಿನಲ್ಲಿ ಮುದ್ರಣಗೊಂಡಿರುವುದರಿಂದ. 2008ರಲ್ಲಿ ದೆಹಲಿಯಲ್ಲಿ, 2011ರಲ್ಲಿ ಚೆನ್ನೈಯಲ್ಲಿ, 2013ರಲ್ಲಿ ಮುಂಬಯಿಯಲ್ಲಿ ಚೆಕ್ ಟ್ರಂಕೇಶನ್ ಬಂದ ಮೇಲೆ ಕಾಗದದ ಬದಲು ಅದರ ಚಿತ್ರವೇ ಕ್ಲಿಯರಿಂಗಿಗೆ ಹೋಗುತ್ತದೆ. ಆದರೆ ಚಿತ್ರ ತಲುಪಿತೆಂದರೆ ಕೈಬರಹ ಓದಿದಂತಾಗಲಿಲ್ಲ.

ಕೈಬರಹ ಓದುವ ವಿದ್ಯೆ ಯಂತ್ರಕ್ಕೆ ಬಂದದ್ದು ಮಾದರಿಗಳಿಂದ. 1989ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸಿನಲ್ಲಿ ಯಾನ್ ಲೆಕುನ್ ಮತ್ತು ಸಂಗಡಿಗರು ಅಂಚೆ ಲಕೋಟೆಗಳ ಪಿನ್ ಕೋಡುಗಳಿಂದ ತೆಗೆದ ಒಂಬತ್ತು ಸಾವಿರಕ್ಕೂ ಹೆಚ್ಚು ಕೈಬರಹದ ಅಂಕಿಗಳನ್ನು ಬಳಸಿದರು. ಪ್ರತಿ ಅಂಕಿಗೂ ಇದು ಇಂಥದ್ದು ಎಂದು ಮನುಷ್ಯನೇ ಮೊದಲು ಗುರುತು ಹಾಕಿಕೊಟ್ಟಿದ್ದ. ಅದೇ ವಿಧಾನ ಮುಂದೆ ಅಲ್ಲಿನ ಬ್ಯಾಂಕುಗಳ ಚೆಕ್ಕುಗಳಿಗೂ ಬಂತು. 1993ರಲ್ಲಿ ಆಪಲ್ ಕಂಪೆನಿಯ ನ್ಯೂಟನ್ ಬರವಣಿಗೆಯನ್ನು ತಪ್ಪುತಪ್ಪಾಗಿ ಓದಿ ನಗೆಪಾಟಲಾಯಿತು. 1996ರ ಪಾಮ್ ಉಪಕರಣ ಉಪಾಯ ಹೂಡಿ, ತನಗೆ ತಿಳಿಯುವಂತೆ ಅಕ್ಷರಗಳನ್ನು ಬೇರೆ ರೀತಿ ಬರೆಯಲು ಜನರಿಗೇ ಕಲಿಸಿತು! ತೀರಿಹೋದ ಕಾರ್ಯದರ್ಶಿಗಳಿಗೆ ಹಾಗೆ ಕಲಿಸಲು ಬರುವುದಿಲ್ಲ.

ನಮ್ಮ ಲಿಪಿಯ ಕಷ್ಟವೇ ಬೇರೆ. ಮೂಲಾಕ್ಷರಕ್ಕೆ ಗುಣಿತ, ಅಡಿಗೆ ಒತ್ತು. ಅವಸರದಲ್ಲಿ ಧಕಾರದ ಸೀಳು ಬಿಟ್ಟರೆ ದಕಾರ. ಹಳೆಯ ಲೆಕ್ಕಪತ್ರಗಳಲ್ಲಿ ಕನ್ನಡ ಅಂಕಿಗಳೂ ಇರುತ್ತವೆ. ೩, ೬, ೭ ಒಂದನ್ನೊಂದು ಹೋಲುತ್ತವೆ. 2019ರಲ್ಲಿ ವಿನಯ್ ಪ್ರಭು ಅವರು ಪ್ರಕಟಿಸಿದ ಕನ್ನಡ ಅಂಕಿಗಳ ಸಂಗ್ರಹಕ್ಕೆ ಬೆಂಗಳೂರಿನ 65 ಮಂದಿ ಸ್ವಯಂಸೇವಕರು ಬರೆದುಕೊಟ್ಟರು. ಅದರಿಂದ 70,000 ಮಾದರಿಗಳು ಸಿದ್ಧವಾದವು. ಹತ್ತು ಅಂಕಿಗಳಿಗೇ ಇಷ್ಟು ಬೇಕಾದರೆ ಕಾಗುಣಿತ, ಒತ್ತಕ್ಷರಗಳಿಗೆ ಎಷ್ಟು ಬೇಕೆಂದು ಓದುಗರೇ ಲೆಕ್ಕ ಹಾಕಬಹುದು.

ಇಂದಿನ ತಂತ್ರಾಂಶಗಳು ಸ್ಪಷ್ಟವಾದ ಕನ್ನಡ ಕೈಬರಹವನ್ನು ತಕ್ಕಮಟ್ಟಿಗೆ ಓದುತ್ತವೆ. ಆದರೆ ತಿಳಿಯದ ಕಡೆ ಸುಮ್ಮನಿರದೆ, ಸರಿಯೆನಿಸುವ ಬೇರೊಂದು ಪದವನ್ನೇ ಕೂರಿಸಿಬಿಡುವುದುಂಟು. ಬ್ಯಾಂಕಿನಲ್ಲಿ ಒಂದು ಅಂಕಿ ತಪ್ಪಿದರೆ ಸಂಜೆ ಲೆಕ್ಕ ತಾಳೆಯಾಗದೆ ಸಿಕ್ಕಿಬೀಳುತ್ತದೆ. ನಡಾವಳಿ ಪುಸ್ತಕದಲ್ಲಿ ದಾನಿಯ ಹೆಸರೋ ಊರ ಹೆಸರೋ ಬದಲಾದರೆ ತಾಳೆ ನೋಡುವವರು ಯಾರು?

ಆ ಕೈಬರಹ ಬಲ್ಲ ಹಿರಿಯರು ಇನ್ನೂ ಕೆಲವರು ನಮ್ಮ ನಡುವೆ ಇದ್ದಾರೆ. ವರ್ಷ ವರ್ಷ ಅವರ ಸಂಖ್ಯೆ ಇಳಿಯುತ್ತಿದೆ. ಆದ್ದರಿಂದ ಸ್ಕ್ಯಾನಿಂಗಿಗೆ ಹಣ ಮಂಜೂರು ಮಾಡುವ ಸಮಿತಿಗಳು ಓದುವ ಕೆಲಸಕ್ಕೂ ಜನರನ್ನು ಗೊತ್ತುಮಾಡಬೇಕು. ಹಿರಿಯರೊಬ್ಬರು ಓದಲಿ, ಯುವ ವಿಭಾಗದವರೊಬ್ಬರು ಚಿತ್ರದ ಸಾಲಿಗೆ ಸಾಲು ಹೊಂದುವಂತೆ ಟೈಪ್ ಮಾಡಲಿ. ಬರೆದದ್ದು ಬರೆದಂತೆಯೇ ಇರಲಿ, ವ್ಯಾಕರಣ ತಿದ್ದುವುದು ಬೇಡ. ಓದಲಾಗದ ಕಡೆ ಖಾಲಿ ಬಿಡಲಿ. ಸದಸ್ಯರ ವಿಳಾಸ, ಸಾಲ, ಸಹಾಯಧನದ ಪುಟಗಳನ್ನು ಹೊರಗಿನವರಿಗೆ ಕೊಡದಿರುವುದು ಲೇಸು. ಉಳಿದ ಪುಟಗಳನ್ನು ಚಿತ್ರ ಮತ್ತು ಟೈಪು ಜೊತೆಯಾಗಿ ಕನ್ನಡ ಕೈಬರಹದ ಸಂಶೋಧಕರಿಗೆ ಒದಗಿಸಿದರೆ ಯಂತ್ರಕ್ಕೆ ಬೇಕಾದ ಪಾಠ ಅದೇ ಆಗುತ್ತದೆ. ವಾರಕ್ಕೊಂದು ಭಾನುವಾರ, ಎರಡು ಗಂಟೆ. ಮೊದಲು ತೆಗೆಯಬೇಕಾದದ್ದು ಗೆದ್ದಲು ಹಿಡಿದ ಪುಸ್ತಕ.