ಹಣೆಪಟ್ಟಿ ಅಂಟಿಸುವ ಮುನ್ನ

ಯೋಜನೆಯೊಂದರ ವಿರುದ್ಧ ಜನ ಬೀದಿಗಿಳಿದಾಗ ಮೊದಲು ಸಿದ್ಧವಾಗುವುದು ಘೋಷಣೆಯ ಫಲಕ. ಅದರಲ್ಲಿ ಅಂಕಿ-ಅಂಶಗಳಿಗೆ ಜಾಗ ಕಡಿಮೆ. ‘ಹಿಟ್ಲರ್’, ‘ನಾಜಿ’, ‘ನರಮೇಧ’ ಎಂಬ ಪದಗಳು ಸುಲಭವಾಗಿ ಕೈಗೆಟುಕುತ್ತವೆ. ಅತ್ತಲಿಂದ ‘ಅಭಿವೃದ್ಧಿ ವಿರೋಧಿ’, ‘ವಿದೇಶಿ ಏಜೆಂಟ’, ‘ನಕ್ಸಲ’ ಎಂಬ ಉತ್ತರ ಬರುತ್ತದೆ. ಈ ಹಣೆಪಟ್ಟಿಗಳ ವಿನಿಮಯದ ನಡುವೆ ಹೊಳೆಯ ನೀರು, ಕಾಡಿನ ವಿಸ್ತಾರ, ಮುಳುಗುವ ತೋಟಗಳ ಲೆಕ್ಕ ಕೇಳುವವರು ಯಾರು?

ಪರಿಸರ ಹೋರಾಟದ ಚರಿತ್ರೆಯಲ್ಲೇ ಇದಕ್ಕೆ ಪಾಠಗಳಿವೆ. ಜೇಮ್ಸ್ ಹ್ಯಾನ್ಸನ್, ಭೂಮಿ ಬಿಸಿಯಾಗುತ್ತಿರುವುದನ್ನು 1988ರಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಖಚಿತವಾಗಿ ನುಡಿದ ವಿಜ್ಞಾನಿ. 2007ರಲ್ಲಿ ಅಯೋವಾ ರಾಜ್ಯದ ಕಲ್ಲಿದ್ದಲು ವಿದ್ಯುತ್ ಸ್ಥಾವರವೊಂದರ ವಿರುದ್ಧ ಸಾಕ್ಷ್ಯ ನೀಡುವಾಗ ಅವರು, ಕಲ್ಲಿದ್ದಲು ಸಾಗಿಸುವ ರೈಲುಗಳನ್ನು ನಾಜಿಗಳ ದಹನಕುಲುಮೆಗಳತ್ತ ಜನರನ್ನು ಒಯ್ದ ರೈಲುಗಳಿಗೆ ಹೋಲಿಸಿದರು. ಅಳಿಯಲಿರುವ ಜೀವಸಂಕುಲಗಳ ಬಗೆಗಿನ ಅವರ ಆತಂಕ ಪ್ರಾಮಾಣಿಕವಾದುದೇ. ಆದರೆ ಗಣಿ ಉದ್ಯಮದ ಸಂಘವು ಆ ಹೋಲಿಕೆಯನ್ನೇ ಹಿಡಿದು ಪ್ರತಿಭಟಿಸಿತು. ಇಂಗಾಲದ ಲೆಕ್ಕಕ್ಕೆ ಉತ್ತರ ಕೊಡಬೇಕಾಗಿದ್ದವರಿಗೆ ನೊಂದವರ ಪರ ವಕಾಲತ್ತು ವಹಿಸುವ ಅವಕಾಶ ಅನಾಯಾಸವಾಗಿ ದೊರೆಯಿತು.

ಎದುರು ಪಾಳೆಯವೂ ಹಿಂದೆ ಬೀಳಲಿಲ್ಲ. 2009ರ ಕೋಪನ್‌ಹೇಗನ್ ಹವಾಮಾನ ಸಮ್ಮೇಳನದ ವೇಳೆ ಬ್ರಿಟನ್ನಿನ ಕ್ರಿಸ್ಟೋಫರ್ ಮಾಂಕ್ಟನ್ ತಮ್ಮವರ ಸಭೆಗೆ ಅಡ್ಡಿಪಡಿಸಿದ ಯುವಜನರನ್ನು ‘ಹಿಟ್ಲರನ ಯುವದಳ’ ಎಂದು ಜರೆದರು. 2011ರಲ್ಲಿ ಆಸ್ಟ್ರೇಲಿಯಾದ ಅರ್ಥಶಾಸ್ತ್ರಜ್ಞ ರಾಸ್ ಗಾರ್ನೋ ಅವರ ಮಾತಿನ ಪಕ್ಕದಲ್ಲಿ ಸ್ವಸ್ತಿಕವನ್ನು ಪರದೆಯ ಮೇಲೆ ತೋರಿಸಿ, ಆಮೇಲೆ ಕ್ಷಮೆ ಯಾಚಿಸಿದರು. ನಮ್ಮ ಹೊಸ್ತಿಲಿನ ರಂಗೋಲಿಯಲ್ಲಿ ಅದು ಮಂಗಳದ ಗುರುತು. ಯುರೋಪಿನ ಲಕ್ಷಾಂತರ ಮನೆಗಳಿಗೆ ಅದು ಸಾವು ತಂದ ಧ್ವಜದ ಗುರುತು.

ನಾಜಿ ಆಡಳಿತ ಸುಮಾರು 60 ಲಕ್ಷ ಯಹೂದ್ಯರನ್ನು ಕೊಂದಿತು. ಅದಕ್ಕೆ ಕಾನೂನುಗಳಿದ್ದವು, ಕಚೇರಿಗಳಿದ್ದವು, ರೈಲಿನ ವೇಳಾಪಟ್ಟಿಯಿತ್ತು. ನಮಗೆ ಒಪ್ಪಿಗೆಯಾಗದ ಆದೇಶವೊಂದಕ್ಕೆ ಸಹಿ ಹಾಕಿದ ಅಧಿಕಾರಿಯನ್ನು ಅದೇ ಹೆಸರಿನಿಂದ ಕರೆದಾಗ, ಅಧಿಕಾರಿಯ ತಪ್ಪು ದೊಡ್ಡದಾಗುವುದಿಲ್ಲ, ಸತ್ತವರ ಸಂಕಟ ಸಣ್ಣದಾಗುತ್ತದೆ. ನಾಳೆ ನಿಜವಾಗಿಯೂ ಅಂಥ ಕ್ರೌರ್ಯ ತಲೆಯೆತ್ತಿದರೆ ಎಚ್ಚರಿಸಲು ನಮ್ಮಲ್ಲಿ ಪದವೇ ಉಳಿದಿರುವುದಿಲ್ಲ.

ಹಾಗಾದರೆ ಚರಿತ್ರೆಯನ್ನು ನೆನೆಯಲೇಬಾರದೇ? ಖಂಡಿತ ನೆನೆಯಬೇಕು. 1984ರ ಡಿಸೆಂಬರಿನಲ್ಲಿ ಭೋಪಾಲದ ಕಾರ್ಖಾನೆಯಿಂದ ಮೀಥೈಲ್ ಐಸೋಸಯನೇಟ್ ಸೋರಿ ಸಾವಿರಾರು ಜನ ಸತ್ತರು. ಜನವಸತಿಯ ಪಕ್ಕದಲ್ಲಿ ವಿಷಾನಿಲ ಸಂಗ್ರಹಿಸುವ ಕಾರ್ಖಾನೆಯೊಂದು ಬರುವುದಾದರೆ, ಭೋಪಾಲವನ್ನು ನೆನಪಿಸುವುದು ನಮ್ಮ ಕರ್ತವ್ಯ. ಅಲ್ಲಿ ಕಾರಣಕ್ಕೆ ಕಾರಣ ಹೋಲುತ್ತದೆ. ಸುರಕ್ಷತಾ ವ್ಯವಸ್ಥೆ ಏನಾಯಿತು, ಸುತ್ತಲ ಜನರಿಗೆ ಮೊದಲೇ ಏಕೆ ತಿಳಿಸಲಿಲ್ಲ ಎಂಬ ಪ್ರಶ್ನೆಗಳು ಹುಟ್ಟುತ್ತವೆ. ಆದರೆ ಹೊಗೆಯುಗುಳುವ ಪ್ರತಿ ಚಿಮಣಿಯನ್ನೂ ‘ಇನ್ನೊಂದು ಭೋಪಾಲ’ ಎಂದರೆ, ಪ್ರತಿ ಕೀಟನಾಶಕಕ್ಕೂ ಎಂಡೋಸಲ್ಫಾನ್ ಎಂಬ ಹೆಸರು ಹಚ್ಚಿದರೆ, ಕಾಸರಗೋಡು, ದಕ್ಷಿಣ ಕನ್ನಡಗಳ ಸಂತ್ರಸ್ತ ಕುಟುಂಬಗಳ ನೋವನ್ನು ನಾವೇ ಸವಕಲು ನಾಣ್ಯವಾಗಿಸಿದಂತೆ. ಹೋಲಿಕೆಯು ಪ್ರಶ್ನೆಯನ್ನು ಹುಟ್ಟಿಸುತ್ತದೆ. ಹಣೆಪಟ್ಟಿಯು ಪ್ರಶ್ನೆಯನ್ನು ಮುಗಿಸುತ್ತದೆ.

ಮಲೆನಾಡಿನಲ್ಲಿ ಇನ್ನೊಂದು ಮಾತನ್ನೂ ಮರೆಯಲಾಗದು. ಇಲ್ಲಿ ನಮ್ಮ ಎದುರಾಳಿ ಬಹುಪಾಲು ನಮ್ಮ ನೆರೆಯವನೇ. ಕ್ವಾರಿಗೆ ಜಾಗ ಕೊಟ್ಟವನು, ರಸ್ತೆ ಅಗಲವಾಗಲಿ ಎನ್ನುವವನು ಪಕ್ಕದ ತೋಟದವನು. ಸೊಸೈಟಿಯ ಸಭೆಯಲ್ಲಿ ಜೊತೆಗೆ ಕೂರುವವನು. ಅವನಿಗೂ ಸಾಲವಿದೆ, ಆಸ್ಪತ್ರೆ ದೂರವಿದೆ. ಅವನ ಮೇಲೆ ಬರೆದ ಹೆಸರು ಯೋಜನೆ ರದ್ದಾದ ಮೇಲೂ ಅಳಿಸಿಹೋಗದು. ನಾಳೆ ಕಾಡಿಗೆ ಬೆಂಕಿ ಬಿದ್ದಾಗ ನಂದಿಸಲು ಸೊಪ್ಪು ಹಿಡಿದು ಬರಬೇಕಾದವನೂ ಅವನೇ.

ಮೆದುವಾಗಿ ಮಾತನಾಡಿರೆಂದು ನಾವು ಹೇಳುತ್ತಿಲ್ಲ. ಎಷ್ಟು ಎಕರೆ ಕಾಡು, ಎಷ್ಟು ಕುಟುಂಬ, ಯಾವ ದಿನಾಂಕದ ಆದೇಶ, ಯಾರ ಸಹಿ ಎಂಬುದನ್ನು ಫಲಕದ ಮೇಲೆ ದೊಡ್ಡಕ್ಷರಗಳಲ್ಲಿ ಬರೆಯೋಣ. ಬೈಗುಳವನ್ನು ಬೈಗುಳದಿಂದ ಎದುರಿಸಬಹುದು. ಲೆಕ್ಕಕ್ಕೆ ಲೆಕ್ಕವನ್ನೇ ಕೊಡಬೇಕಾಗುತ್ತದೆ.