ವಾರಕ್ಕೆ ಏಳು ದಿನ, ಏಳು ಹೆಸರು



2024ರ ಅಕ್ಟೋಬರ್ 9ರಂದು ತಿರುಓಣಂ ಬಂಪರ್‌ನ 25 ಕೋಟಿ ರೂಪಾಯಿ ನಮ್ಮ ಸುಲ್ತಾನ್ ಬತ್ತೇರಿಯಲ್ಲಿ ಮಾರಿದ ಟಿಕೆಟ್ಟಿಗೆ ಬಂತು. ಗೆದ್ದವರು ಗಡಿಯಾಚೆಯ ಮಂಡ್ಯ ಜಿಲ್ಲೆಯವರು. ಮುಂಡಕ್ಕೈ, ಚೂರಲ್‌ಮಲೆ ಕೊಚ್ಚಿಹೋಗಿ ಎರಡು ತಿಂಗಳು ಕಳೆದಿತ್ತಷ್ಟೇ. ವಯನಾಡಿನ ಹೆಸರು ಒಂದು ಸಂತೋಷದ ಸುದ್ದಿಯಲ್ಲಿ ಕೇಳಿಬಂತೆಂದು ಜನ ಖುಷಿಪಟ್ಟರು. ಗೆದ್ದವರ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಆ ಸಲ ತಲಾ 500 ರೂಪಾಯಿಯ 70 ಲಕ್ಷಕ್ಕೂ ಹೆಚ್ಚು ಟಿಕೆಟ್ ಮಾರಾಟವಾಗಿದ್ದವು. ಸೋತವರ ಮನೆ ಮುಂದೆ ಯಾವ ಕ್ಯಾಮೆರಾ ನಿಂತೀತು?

ಜೂಜು ಎಂದರೆ ನಮಗೆ ನೆನಪಾಗುವುದು ಗೋವಾದ ಕ್ಯಾಸಿನೊ ಹಡಗುಗಳು. ಅಲ್ಲಿ ಕೂಡ 2020ರಿಂದ ಗೋವಾದವರೇ ಆಡಲು ಒಳಗೆ ಹೋಗುವಂತಿಲ್ಲ. ಸಿಂಗಾಪುರದಲ್ಲಿ ಸ್ಥಳೀಯರು ಕ್ಯಾಸಿನೊ ಬಾಗಿಲಲ್ಲಿ 150 ಡಾಲರ್ ಕಟ್ಟಬೇಕು. ಗಂಡನ ಚಟದಿಂದ ಮನೆ ಮುಳುಗುತ್ತಿದ್ದರೆ ಹೆಂಡತಿ ಅರ್ಜಿ ಕೊಟ್ಟು ಅವನನ್ನು ಹೊರಗಿಡಿಸಬಹುದು. ಕ್ಯಾಸಿನೊ ಒಳ್ಳೆಯದೆಂದು ನಾವು ಹೇಳುತ್ತಿಲ್ಲ. ಅಲ್ಲಿ ತಡೆಯಲು ಒಂದು ಬಾಗಿಲಾದರೂ ಇದೆ, ಅಷ್ಟೇ.

ನಮ್ಮ ಜೂಜಿಗೆ ಬಾಗಿಲೇ ಇಲ್ಲ. ಅದು ಬಸ್‌ಸ್ಟ್ಯಾಂಡಿಗೆ, ಚಹಾ ಅಂಗಡಿಗೆ, ಭಾನುವಾರ ಬಲಿಪೂಜೆ ಮುಗಿಸಿ ಬರುವ ದಾರಿಗೆ ತಾನೇ ನಡೆದು ಬರುತ್ತದೆ. ನಡೆಸುವವರು ಸರ್ಕಾರದವರೇ.

ಕೇರಳ 1967ರಲ್ಲಿ ಲಾಟರಿ ಇಲಾಖೆ ತೆರೆಯಿತು. ಮೊದಲ ಡ್ರಾ 1968ರ ಜನವರಿ 26ರಂದು. ಟಿಕೆಟ್ಟಿಗೆ 1 ರೂಪಾಯಿ, ಮೊದಲ ಬಹುಮಾನ 50,000. ಈಗ ದಿನಾ ಮಧ್ಯಾಹ್ನ 3ಕ್ಕೆ ಡ್ರಾ. ಕೇಂದ್ರದ 1998ರ ಕಾಯ್ದೆಯ ಪ್ರಕಾರ ಒಂದು ಲಾಟರಿಗೆ ವಾರಕ್ಕೆ ಒಂದೇ ಡ್ರಾ. ಅದಕ್ಕೇನಂತೆ! ಏಳು ದಿನಕ್ಕೆ ಏಳು ಹೆಸರಿಟ್ಟರೆ ಕಾಯ್ದೆಯೂ ಉಳಿಯಿತು, ವ್ಯಾಪಾರವೂ ಉಳಿಯಿತು. ಅದರಲ್ಲಿ ಒಂದು ‘ಕಾರುಣ್ಯ’, ಇನ್ನೊಂದು ‘ಸ್ತ್ರೀಶಕ್ತಿ’. ಯಾವ ಸ್ತ್ರೀಯ ಶಕ್ತಿ? ಸಂಜೆ ಅಕ್ಕಿಗೆ ಕಾಸು ಹುಡುಕುವ ಹೆಂಡತಿಯದೇ?

ದಿನಕ್ಕೆ 50 ರೂಪಾಯಿಯ ಒಂದೇ ಟಿಕೆಟ್ ಎಂದರೂ ವರ್ಷಕ್ಕೆ 18,250 ರೂಪಾಯಿ. ಆದರೆ ಚಟ ಹತ್ತಿದವರು ಒಂದಕ್ಕೆ ನಿಲ್ಲುವುದಿಲ್ಲ. ಕೊನೆಯ ನಾಲ್ಕು ಅಂಕಿ ಒಂದೇ ಇರುವ ಟಿಕೆಟ್ಟುಗಳನ್ನು ‘ಸೆಟ್’ ಮಾಡಿ ಮಾರುತ್ತಾರೆ, ಕೂಲಿಯೆಲ್ಲ ಅಲ್ಲೇ ಮುಗಿಯುತ್ತದೆ. 5,000 ರೂಪಾಯಿವರೆಗಿನ ಬಹುಮಾನ ಅಂಗಡಿಯಲ್ಲೇ ಸಿಗುತ್ತದೆ. ಕೈಗೆ ಬಂದ ದುಡ್ಡು ಎದುರಿಗಿರುವ ನಾಳೆಯ ಟಿಕೆಟ್ಟಿಗೇ ಹೋಗುತ್ತದೆ. ಕಾಫಿ ತೋಟದ ಕೂಲಿಯವರಿಗೆ, ಪಣಿಯ ಕಾಲೊನಿಗಳ ನಮ್ಮ ಅಣ್ಣಂದಿರಿಗೆ ಇದರ ಅಪಾಯವನ್ನು ಅವರ ಭಾಷೆಯಲ್ಲಿ ಹೇಳುವವರು ಯಾರು?

ಕಾರುಣ್ಯದ ಹಣದಿಂದ ಬಡರೋಗಿಗಳಿಗೆ ಚಿಕಿತ್ಸೆ ಸಿಕ್ಕಿದೆ, ನಿಜ. ಟಿಕೆಟ್ ಮಾರುವವರಲ್ಲಿ ವೃದ್ಧರಿದ್ದಾರೆ, ಅಂಗವಿಕಲರಿದ್ದಾರೆ. ಅವರನ್ನು ಬೈಯುವುದು ನಮ್ಮ ಉದ್ದೇಶವಲ್ಲ. ಮಾರದೆ ಉಳಿದ ಟಿಕೆಟ್ಟಿನ ನಷ್ಟ ಅವರ ತಲೆಗೇ. ಆದರೆ ಒಬ್ಬ ಬಡವನ ಆಸ್ಪತ್ರೆ ಖರ್ಚನ್ನು ಇನ್ನೊಬ್ಬ ಬಡವನ ಆಸೆಯಿಂದ ತೆಗೆಯುವುದನ್ನು ಕರುಣೆ ಎನ್ನಲು ನಮಗೆ ನಾಲಿಗೆ ಬಾರದು. ಶಿಲುಬೆಯ ಬುಡದಲ್ಲಿ ಸೈನಿಕರು ಪ್ರಭುವಿನ ಅಂಗಿಗೆ ಚೀಟಿ ಹಾಕಿದ್ದನ್ನು ಪ್ರತಿ ಶುಭ ಶುಕ್ರವಾರ ಕೇಳುವವರು ನಾವು.

ಕರ್ನಾಟಕ 2007ರಲ್ಲಿ ಲಾಟರಿ ನಿಲ್ಲಿಸಿತು. ಆದರೂ ಅಲ್ಲಿಂದ ಬಂದವರು ಇಲ್ಲಿ ಕೊಳ್ಳುತ್ತಾರೆ, ಆದ್ದರಿಂದ ನಿಷೇಧವೊಂದೇ ಸಾಲದು ಎಂಬುದು ನಮಗೂ ಗೊತ್ತು. ನಾಳೆಯೇ ಮುಚ್ಚಿ ಎಂದು ನಾವು ಕೇಳುತ್ತಿಲ್ಲ. ಬೀದಿಯಲ್ಲಿ ಕೊಳ್ಳುವವನ ಹೆಸರು ಬರೆದಿಟ್ಟು ತಡೆಯಲು ಆಗುವುದಿಲ್ಲವಾದರೆ, ಡ್ರಾಗಳನ್ನೇ ಕಡಿಮೆ ಮಾಡಿ. ಸೆಟ್ ಮಾರಾಟ ನಿಲ್ಲಿಸಿ. ಗೆಲ್ಲುವ ಸಾಧ್ಯತೆ ಎಷ್ಟೆಂದು ಟಿಕೆಟ್ಟಿನ ಮುಂಭಾಗದಲ್ಲೇ ದೊಡ್ಡಕ್ಷರದಲ್ಲಿ ಅಚ್ಚುಹಾಕಿ, ಗಡಿಭಾಗದಲ್ಲಿ ಕನ್ನಡದಲ್ಲೂ.

ಮನೆಯವರಿಗೂ ಒಂದು ಮಾತು. ಅಪ್ಪನ ಜೇಬಿನಲ್ಲಿ ಟಿಕೆಟ್ಟುಗಳ ಕಟ್ಟು ಸಿಕ್ಕರೆ ನಗಬೇಡಿ, ಜಗಳವಾಡಬೇಡಿ, ಸಾಲ ಎಷ್ಟಿದೆ ಎಂದು ಕೂತು ಕೇಳಿ. ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಉಚಿತವಾಗಿ, ಕನ್ನಡದಲ್ಲೂ ಮಾತನಾಡಬಹುದು.